21ನೇ ವಚನದಿಂದ ಓದಿ: ಕ್ರೈಸ್ತ ದಾಂಪತ್ಯದ ಸುತ್ತ ಕೆಲವು ತಪ್ಪು ಕಲ್ಪನೆಗಳು

ನನ್ನ ತವರು ಬಾಸೆಲ್ ಮಿಷನ್ ಪರಂಪರೆಯ ಪ್ರಾಟೆಸ್ಟೆಂಟ್ ಮನೆ. ಮದುವೆಯಾಗಿ ಬಂದದ್ದು ಕರಾವಳಿಯ ಕಥೋಲಿಕ ಮನೆಗೆ. ಎರಡೂ ಕಡೆಯ ಮದುವೆಗಳಲ್ಲಿ ಕೂತು ಮತ್ತೆ ಮತ್ತೆ ಕೇಳಿದ ಒಂದು ಪಾಠವಿದೆ: ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬ ಮಾತು ಬಂದಾಗ ಮದುಮಗಳು ತಲೆ ತಗ್ಗಿಸುತ್ತಾಳೆ, ಹಿಂದಿನ ಬೆಂಚಿನ ಹಿರಿಯರು ಒಪ್ಪಿಗೆಯಿಂದ ತಲೆಯಾಡಿಸುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಯಾರಾದರೊಬ್ಬ ಅತ್ತೆಯೋ ದೊಡ್ಡಮ್ಮನೋ ಬಂದು, "ಕೇಳಿಸಿಕೊಂಡೆ ಅಲ್ವಾ ಮಗಾ?" ಎಂದು ಅವಳಿಗೆ ನೆನಪಿಸುತ್ತಾರೆ. ಮದುಮಗನಿಗೆ ಅದೇ ಪಾಠದಲ್ಲಿ ಹೇಳಿದ್ದನ್ನು ಯಾರೂ ನೆನಪಿಸುವುದಿಲ್ಲ. ಅವನಿಗೆ ಹೇಳಿರುವುದು ಹೆಚ್ಚು ಉದ್ದದ್ದು, ಹೆಚ್ಚು ಕಷ್ಟದ್ದು.

ಹಲವು ವರ್ಷಗಳಿಂದ ನಾನೂ ನಮ್ಮವರೂ ಮದುವೆ ತಯಾರಿ ಶಿಬಿರಗಳಲ್ಲಿ ಯುವಜೋಡಿಗಳ ಜೊತೆ ಮಾತನಾಡುತ್ತಿದ್ದೇವೆ. ಹುಡುಗ ಹುಡುಗಿಯರು ಬದಲಾಗುತ್ತಾರೆ, ತಪ್ಪು ತಿಳಿವಳಿಕೆಗಳು ಮಾತ್ರ ಅವೇ. ಇವುಗಳಲ್ಲಿ ಕೆಲವು ಮನೆ ಮುರಿದಿವೆ, ಕೆಲವು ಜೀವಕ್ಕೇ ಎರವಾಗಿವೆ. ಹಾಗಾಗಿ ಇವನ್ನು ಒಂದೊಂದಾಗಿ ಎತ್ತಿಕೊಂಡು ಬರೆಯಬೇಕು ಎನ್ನಿಸಿತು.

ತಪ್ಪು ಕಲ್ಪನೆ: ಅಧೀನಳಾಗಿರಬೇಕಾದವಳು ಹೆಂಡತಿ ಮಾತ್ರ

ವಾಸ್ತವ: ಎಫೆಸದ ಪತ್ರಿಕೆ 5ನೇ ಅಧ್ಯಾಯದ 22ನೇ ವಚನವನ್ನು ನಮ್ಮಲ್ಲಿ ಎಲ್ಲರೂ ಬಾಯಿಪಾಠ ಬಲ್ಲರು. ಅದರ ಹಿಂದಿನ 21ನೇ ವಚನ ಎಷ್ಟು ಜನರಿಗೆ ಗೊತ್ತು? ಕ್ರಿಸ್ತನ ಮೇಲಿನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಬೇಕು ಎಂದು ಅಲ್ಲಿ ಇಡೀ ಸಭೆಗೆ ಹೇಳಿದೆ. ಗಂಡಸರನ್ನು ಅದರಿಂದ ಹೊರಗಿಟ್ಟಿಲ್ಲ.

ಇದರಲ್ಲಿ ಭಾಷೆಯ ಒಂದು ಸೂಕ್ಷ್ಮವೂ ಇದೆ. ಪೌಲನ ಪತ್ರಿಕೆಗಳ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಒಂದನ್ನು ವಿದ್ವಾಂಸರು ಪಪೈರಸ್ 46 ಎಂದು ಕರೆಯುತ್ತಾರೆ. ಸುಮಾರು ಕ್ರಿ.ಶ. 200ರ ಆಸುಪಾಸಿನ ಈ ಪ್ರತಿಯ ಹಾಳೆಗಳು ಡಬ್ಲಿನ್ನಿನಲ್ಲಿಯೂ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿಯೂ ಹಂಚಿಹೋಗಿವೆ. ಅದರಲ್ಲಿ 22ನೇ ವಚನಕ್ಕೆ ಕ್ರಿಯಾಪದವೇ ಇಲ್ಲ. 4ನೇ ಶತಮಾನದ ವ್ಯಾಟಿಕನ್ ಹಸ್ತಪ್ರತಿಯಲ್ಲಿಯೂ ಇಲ್ಲ. 'ಅಧೀನರಾಗಿ' ಎಂಬ ಅರ್ಥವನ್ನು ಆ ವಾಕ್ಯ 21ನೇ ವಚನದಿಂದ ಎರವಲು ಪಡೆಯುತ್ತದೆ. ಅಂದರೆ ಹಿಂದಿನ ವಾಕ್ಯವನ್ನು ಬಿಟ್ಟರೆ ಮುಂದಿನದಕ್ಕೆ ನಿಲ್ಲಲು ನೆಲವಿಲ್ಲ. ವಚನಗಳಿಗೆ ಅಂಕಿ ಹಾಕಿದ್ದು ಬಹಳ ಈಚೆಗೆ. ಹೊಸ ಒಡಂಬಡಿಕೆಗೆ ಇಂದು ನಾವು ಬಳಸುವ ಅಂಕಿಗಳನ್ನು ಫ್ರೆಂಚ್ ಮುದ್ರಕ ರೊಬೇರ್ ಎಸ್ತಿಯೆನ್ 1551ರಲ್ಲಿ ಹಾಕಿದ. ಇಂದಿನ ಅನೇಕ ಮುದ್ರಣಗಳಲ್ಲಿ 21ಕ್ಕೂ 22ಕ್ಕೂ ನಡುವೆ ದಪ್ಪಕ್ಷರದ ಒಂದು ತಲೆಬರಹ ಕೂಡ ಬಂದು ಕೂತಿದೆ. ಪೌಲ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಮುದ್ರಕರು ಎರಡು ಮಾಡಿದರು, ನಾವು ಎರಡನೆಯದನ್ನು ಮಾತ್ರ ಇಟ್ಟುಕೊಂಡೆವು.

ಹೆಂಡತಿಗೆ ಹೇಳಿದ ಮಾತು ಅಲ್ಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ಇದೆ, ಮೂರು ವಚನಗಳಲ್ಲಿದೆ. ಅದರ ಮುಂದೆ 25ರಿಂದ ಅಧ್ಯಾಯದ ಕೊನೆಯವರೆಗೆ ಮಾತು ಬಹುಪಾಲು ಗಂಡನ ಕಡೆಗೆ ತಿರುಗುತ್ತದೆ. ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸು ಎಂದರೆ, ಅಗತ್ಯಬಿದ್ದರೆ ಪ್ರಾಣವನ್ನೂ ಕೊಡು ಎಂದು ಅರ್ಥ. ಆ ಕಾಲದಲ್ಲಿ ಕೇಳಿದವರಿಗೆ ಆಶ್ಚರ್ಯ ಹುಟ್ಟಿಸಿದ ಮಾತು ಇದೇ ಇರಬೇಕು. ಅರಿಸ್ಟಾಟಲ್ ತನ್ನ ರಾಜನೀತಿಯ ಗ್ರಂಥದಲ್ಲಿ ಮನೆಯ ಬಗ್ಗೆ ಬರೆದಾಗ ಗಂಡ, ತಂದೆ, ಒಡೆಯ ಹೇಗೆ ಆಳಬೇಕು ಎಂಬುದನ್ನು ವಿಚಾರಿಸಿದ್ದ. ರೋಮನ್ ಕಾನೂನು ಮನೆಯ ಹಿರಿಯ ಗಂಡಸಿಗೆ ಮಕ್ಕಳ ಜೀವದ ಮೇಲೂ ಹಕ್ಕು ಕೊಟ್ಟಿತ್ತು. ಅಂಥ ಲೋಕದಲ್ಲಿ ಹೆಂಡತಿ ಅಧೀನಳಾಗಿರಬೇಕು ಎಂದರೆ ಯಾರಿಗೂ ಹೊಸದೆನಿಸುತ್ತಿರಲಿಲ್ಲ. ಗಂಡನೇ, ನಿನ್ನನ್ನು ನೀನು ಕೊಟ್ಟುಬಿಡು ಎಂದದ್ದು ಹೊಸದು.

ತಪ್ಪು ಕಲ್ಪನೆ: ಶಿರಸ್ಸು ಎಂದರೆ ಯಜಮಾನಿಕೆ

ವಾಸ್ತವ: ಗಂಡನು ಹೆಂಡತಿಗೆ ಶಿರಸ್ಸು ಎಂಬ ಮಾತಿನ ಗ್ರೀಕ್ ಪದ 'ಕೆಫಲೆ'. ಅದಕ್ಕೆ ಅಧಿಕಾರ ಎಂಬ ಅರ್ಥವೋ, ನದಿಯ ತಲೆಯ ಹಾಗೆ ಮೂಲ ಎಂಬ ಅರ್ಥವೋ ಎಂದು ವಿದ್ವಾಂಸರು ದಶಕಗಳಿಂದ ವಾದಿಸುತ್ತಲೇ ಇದ್ದಾರೆ. ನನ್ನಂಥವರು ಆ ವಾದ ಮುಗಿಯಲಿ ಎಂದು ಕಾಯಬೇಕಿಲ್ಲ. ಶಿರಸ್ಸಾದವನು ಏನು ಮಾಡುತ್ತಾನೆ ಎಂಬುದನ್ನು ಪತ್ರಿಕೆಯೇ ಹೇಳಿದೆ: ಪ್ರೀತಿಸುತ್ತಾನೆ, ಪೋಷಿಸುತ್ತಾನೆ, ತನ್ನನ್ನೇ ಕೊಡುತ್ತಾನೆ. ಆಜ್ಞಾಪಿಸುತ್ತಾನೆ ಎಂಬ ಕ್ರಿಯಾಪದ ಗಂಡನ ಪಾಲಿಗೆ ಎಲ್ಲಿಯೂ ಬಂದಿಲ್ಲ. ಹೆಂಡತಿಯನ್ನು ಅಧೀನದಲ್ಲಿ ಇಟ್ಟುಕೋ ಎಂದು ಗಂಡನಿಗೆ ಹೇಳುವ ವಾಕ್ಯ ಈ ಪತ್ರಿಕೆಯಲ್ಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಗಂಡನಿಗೆ ಹೇಳುವುದು ಎರಡೇ ಸಂಗತಿ: ಪ್ರೀತಿಸು, ಕಠಿಣನಾಗಬೇಡ.

ನಾವು ಕನ್ನಡದವರು ಗಂಡನನ್ನು 'ಯಜಮಾನರು' ಎನ್ನುತ್ತೇವೆ. ನನ್ನ ತಾಯಿ ಬದುಕಿದ್ದಷ್ಟು ದಿನವೂ ಹಾಗೇ ಅಂದರು. ಆ ಪದದ ಮೂಲ ಹುಡುಕಿದರೆ ಯಜ್ಞ ಮಾಡಿಸುವವನು, ತನ್ನದನ್ನು ತಂದು ಅರ್ಪಿಸುವವನು ಎಂಬ ಅರ್ಥ ಸಿಗುತ್ತದೆ. ಒಡೆತನದ ಅರ್ಥ ಆಮೇಲೆ ಅಂಟಿಕೊಂಡಿತು. ಪೌಲ ಕೇಳುತ್ತಿರುವ ಗಂಡ ಆ ಹಳೆಯ ಅರ್ಥದ ಯಜಮಾನ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಇಲ್ಲಿ ಅವನು ಅರ್ಪಿಸಬೇಕಾದದ್ದು ತನ್ನನ್ನು. ಕಡೆಯ ಭೋಜನದ ರಾತ್ರಿ ಯೇಸು ನಡುವಿಗೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು. ಗುರುವೂ ಒಡೆಯನೂ ಆದವನು ಹೀಗೆ ಮಾಡಿದ ಮೇಲೆ ನೀವೂ ಹೀಗೆಯೇ ಎಂದರು. ಕ್ರಿಸ್ತನಂಥ ಶಿರಸ್ಸು ಎಂದರೆ ಈ ಚಿತ್ರವೇ ಕಣ್ಣ ಮುಂದೆ ಬರಬೇಕು.

ಶಿಬಿರದಲ್ಲಿ ಒಬ್ಬ ಹುಡುಗ ಕೇಳಿದ: "ಆಂಟಿ, ಇಬ್ಬರಿಗೂ ಒಪ್ಪಿಗೆ ಆಗದಿದ್ದರೆ ಕೊನೆಯ ಮಾತು ಯಾರದ್ದು?" ನಮ್ಮವರು ಅವನಿಗೆ, "ನಮ್ಮ ಮನೆಯಲ್ಲಿ ಒಪ್ಪಿಗೆ ಆಗುವವರೆಗೆ ಕೆಲಸ ನಿಲ್ಲುತ್ತದೆ. ಮನೆಗೆ ಬಣ್ಣ ಹೊಡೆಸುವುದು ಒಂದೂವರೆ ವರ್ಷ ನಿಂತಿತ್ತು, ಯಾರಿಗೂ ಏನೂ ಆಗಲಿಲ್ಲ" ಎಂದರು. ನಿಜವಾಗಿಯೂ ತುರ್ತಿನ ವಿಷಯಗಳು ಬಹಳ ಕಡಿಮೆ. ಆಗ ಆ ವಿಷಯ ಹೆಚ್ಚು ಬಲ್ಲವರ ಮಾತು ನಡೆಯುವುದು ಒಳ್ಳೆಯದು, ಅದು ಗಂಡನೇ ಆಗಿರಲಿ ಹೆಂಡತಿಯೇ ಆಗಿರಲಿ.

ತಪ್ಪು ಕಲ್ಪನೆ: ಗಂಡಸಿಗೆ ಬೇಕಾದದ್ದು ಗೌರವ, ಹೆಂಗಸಿಗೆ ಬೇಕಾದದ್ದು ಪ್ರೀತಿ

ವಾಸ್ತವ: ಇದು ಈಚಿನ ಕಲ್ಪನೆ. 2004ರಲ್ಲಿ ಅಮೆರಿಕದ ಎಮರ್ಸನ್ ಎಗರಿಚ್ ಪ್ರೀತಿ ಮತ್ತು ಗೌರವ ಎಂಬ ಹೆಸರಿನಲ್ಲೇ ಒಂದು ಪುಸ್ತಕ ಬರೆದರು. ಎಫೆಸದ ಪತ್ರಿಕೆಯ 5ನೇ ಅಧ್ಯಾಯದ ಕೊನೆಯ ವಚನವೇ ಅದರ ಅಡಿಗಲ್ಲು. ಅಲ್ಲಿ ಗಂಡನಿಗೆ ಪ್ರೀತಿಸು ಎಂದಿದೆ, ಹೆಂಡತಿಗೆ ಗೌರವಿಸು ಎಂದಿದೆ. ಆದ್ದರಿಂದ ಹೆಣ್ಣು ಮುಖ್ಯವಾಗಿ ಪ್ರೀತಿಗೆ ಹಂಬಲಿಸುತ್ತಾಳೆ, ಗಂಡು ಮುಖ್ಯವಾಗಿ ಗೌರವಕ್ಕೆ ಎಂಬ ತಿಳಿವಳಿಕೆ ಪ್ರವಚನಗಳ ಮೂಲಕ ನಮ್ಮೂರ ಸಭೆಗಳವರೆಗೂ ಬಂದಿದೆ. ಹಲವು ದಂಪತಿಗಳಿಗೆ ಇದರಿಂದ ಉಪಯೋಗವೂ ಆಗಿರಬಹುದು. ಆದರೆ ಇದನ್ನು ಹಂಚಿಕೆಯ ಹಾಗೆ ಹಿಡಿದುಕೊಂಡವರಿಂದ ಕೆಡುಕು ಆಗುವುದನ್ನು ನಾನು ಕಂಡಿದ್ದೇನೆ. "ನಾನು ಅವಳನ್ನು ಪ್ರೀತಿಸುತ್ತೇನಲ್ಲ, ಇನ್ನೇನು ಬೇಕು?" ಎನ್ನುವ ಗಂಡ, ನೆಂಟರ ಮುಂದೆ ಅವಳ ಮಾತನ್ನು ಅರ್ಧಕ್ಕೆ ತುಂಡರಿಸುತ್ತಾನೆ. ಅವಳ ಸಂಬಳದ ಎಟಿಎಂ ಕಾರ್ಡು ಅವನ ಪರ್ಸಿನಲ್ಲಿರುತ್ತದೆ.

ಬೈಬಲ್ ಹೀಗೆ ಹಂಚಿಲ್ಲ. ಪೇತ್ರನ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯ 7ನೇ ವಚನ ಗಂಡನಿಗೆ ಹೇಳುವುದು ಗೌರವದ ಮಾತನ್ನೇ. ಹೆಂಡತಿಗೆ ಮಾನ ಸಲ್ಲಿಸು, ನಿತ್ಯಜೀವದಲ್ಲಿ ಅವಳು ನಿನ್ನ ಜೊತೆಗೆ ಸಮಾನ ಬಾಧ್ಯಸ್ಥಳು ಎನ್ನುತ್ತದೆ. ಹಾಗೆ ಮಾಡದಿದ್ದರೆ ನಿನ್ನ ಪ್ರಾರ್ಥನೆಗೇ ಅಡ್ಡಿ ಎಂಬ ಎಚ್ಚರಿಕೆಯೂ ಇದೆ. ತೀತನಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಯುವತಿಯರಿಗೆ ಹೇಳಿಕೊಡಬೇಕಾದದ್ದರಲ್ಲಿ ಗಂಡನನ್ನು ಪ್ರೀತಿಸುವುದನ್ನು ಮೊದಲು ಎಣಿಸಿದೆ. ಗಂಡನಿಂದ ಗೌರವ, ಹೆಂಡತಿಯಿಂದ ಪ್ರೀತಿ: ಎರಡೂ ಇದ್ದಾವೆ.

ನಮ್ಮ ಮದುವೆಯ ಪ್ರತಿಜ್ಞೆಯನ್ನೇ ನೋಡಿ. ಕಥೋಲಿಕ ವಿಧಿಯಲ್ಲಿ ಮದುಮಗನೂ ಮದುಮಗಳೂ ಹೇಳುವ ಮಾತು ಒಂದೇ. ಸುಖದಲ್ಲೂ ಕಷ್ಟದಲ್ಲೂ ನಿಷ್ಠೆಯಿಂದಿದ್ದು, ಜೀವಮಾನವಿಡೀ ಪ್ರೀತಿಸುತ್ತೇನೆ ಮತ್ತು ಗೌರವಿಸುತ್ತೇನೆ ಎಂದು ಇಬ್ಬರೂ ಮಾತು ಕೊಡುತ್ತಾರೆ. ವಿಧೇಯಳಾಗಿರುತ್ತೇನೆ ಎಂಬ ಮಾತು ಅದರಲ್ಲಿಲ್ಲ. ಆ ಮಾತು ಬರುವುದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ, ಹೆಂಡತಿಯ ಪಾಲಿಗೆ ಮಾತ್ರ. ಅಲ್ಲಿಯೂ ಗಂಡ ಹೆಂಡತಿಯನ್ನು ಪ್ರೀತಿಸುವುದರ ಜೊತೆ ಗೌರವಿಸುವುದಾಗಿಯೂ ಪ್ರತಿಜ್ಞೆ ಮಾಡಬೇಕು. 350 ವರ್ಷಕ್ಕೂ ಹಿಂದಿನ ಆ ಪುಸ್ತಕಕ್ಕೂ ಹೆಣ್ಣಿಗೆ ಗೌರವ ಬೇಡ ಎಂದು ಅನ್ನಿಸಿರಲಿಲ್ಲ.

ತಪ್ಪು ಕಲ್ಪನೆ: ಒಳ್ಳೆಯ ಹೆಂಡತಿ ಎದುರು ಮಾತನಾಡುವುದಿಲ್ಲ

ವಾಸ್ತವ: ಇದಕ್ಕೆ ಪೇತ್ರನ ಪತ್ರಿಕೆಯ ಸಾರಳನ್ನು ಉದಾಹರಣೆ ಕೊಡುತ್ತಾರೆ. ಅವಳು ಅಬ್ರಹಾಮನನ್ನು ಒಡೆಯ ಎಂದು ಕರೆದಳು, ಸರಿ. ಆದಿಕಾಂಡದ 21ನೇ ಅಧ್ಯಾಯಕ್ಕೆ ಬನ್ನಿ. ಗಂಡ ಹೆಂಡತಿಗೆ ಮನಸ್ತಾಪ ಬಂದಾಗ ದೇವರು ಅಬ್ರಹಾಮನಿಗೆ, ಸಾರಳು ಹೇಳಿದ್ದನ್ನು ಕೇಳು ಎನ್ನುತ್ತಾನೆ. ಆ ಪ್ರಸಂಗದಲ್ಲಿ ದಾಸಿ ಹಾಗರಳಿಗಾದ ಅನ್ಯಾಯ ಬೇರೆಯೇ ನೋವಿನ ಕಥೆ. ಹೆಂಡತಿಯ ಮಾತಿಗೆ ಗಂಡ ಕಿವಿಗೊಡಲೇಬಾರದು ಎಂಬ ನಿಯಮವಂತೂ ಅಲ್ಲಿಲ್ಲ.

ಅಬೀಗೈಲಳ ಕಥೆ ನಮ್ಮ ಪ್ರಸಂಗಗಳಲ್ಲಿ ಬರುವುದು ಅಪರೂಪ, ಬರಬೇಕು. ಸಮುವೇಲನ ಮೊದಲನೆಯ ಪುಸ್ತಕದ 25ನೇ ಅಧ್ಯಾಯದಲ್ಲಿದೆ. ಗಂಡ ನಾಬಾಲ ಶ್ರೀಮಂತ, ಒರಟ. ಕುರಿಗಳ ಉಣ್ಣೆ ಕತ್ತರಿಸುವ ಹಬ್ಬದ ದಿನ ದಾವೀದನ ಜನರನ್ನು ಅವಮಾನಿಸಿ ಕಳಿಸುತ್ತಾನೆ. ದಾವೀದ 400 ಜನರನ್ನು ಕಟ್ಟಿಕೊಂಡು, ಆ ಮನೆಯಲ್ಲಿ ಒಬ್ಬ ಗಂಡಸನ್ನೂ ಉಳಿಸುವುದಿಲ್ಲ ಎಂದು ಹೊರಡುತ್ತಾನೆ. ಅಬೀಗೈಲ್ ಗಂಡನಿಗೆ ತಿಳಿಸದೆಯೇ 200 ರೊಟ್ಟಿ, ದ್ರಾಕ್ಷಾರಸ, ಕುರಿಮಾಂಸ, ಹುರಿದ ಕಾಳು ಕತ್ತೆಗಳ ಮೇಲೆ ಹೇರಿಸಿ ದಾರಿಯಲ್ಲೇ ದಾವೀದನನ್ನು ತಡೆಯುತ್ತಾಳೆ. ತನ್ನ ಗಂಡ ಮೂರ್ಖ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಮನೆ ಉಳಿಯಿತು. ಧರ್ಮಗ್ರಂಥ ಅವಳನ್ನು ಗಂಡನ ಮಾತು ಮೀರಿದವಳು ಎಂದು ಗದರುವುದಿಲ್ಲ, ವಿವೇಕಿ ಎಂದು ಹೊಗಳುತ್ತದೆ.

ಇನ್ನೊಬ್ಬಳು ಸಪ್ಫೈರ, ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದಲ್ಲಿ. ಹೊಲ ಮಾರಿದ ಹಣದ ಬಗ್ಗೆ ಗಂಡ ಅನನೀಯ ಸುಳ್ಳು ಹೇಳಿದ, ಅವಳೂ ಅದೇ ಸುಳ್ಳನ್ನು ಹೇಳಿದಳು. ಪೇತ್ರ ಅವಳನ್ನು ಬೇರೆಯಾಗಿಯೇ ವಿಚಾರಿಸಿದ, ಅವಳಿಗೆ ಸಿಕ್ಕ ತೀರ್ಪೂ ಬೇರೆಯೇ. ಗಂಡ ಹೇಳಿದ್ದಕ್ಕೆ ಹೂಂಗುಟ್ಟಿದೆ ಎಂಬುದು ಅವಳನ್ನು ಉಳಿಸಲಿಲ್ಲ. ದೇವರ ಮುಂದೆ ಹೆಂಡತಿಗೆ ತನ್ನದೇ ಮನಸ್ಸಾಕ್ಷಿ ಇದೆ, ಅದನ್ನು ಗಂಡನ ಕೈಗೆ ಒಪ್ಪಿಸಿ ಸುಮ್ಮನಿರಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಖಡಕ್ಕಾದ ಪಾಠ ನನಗೆ ಗೊತ್ತಿಲ್ಲ. ಲಂಚದ ಹಣ ಮನೆಗೆ ತರುವ ಗಂಡನಿಗೆ ಬೇಡ ಎನ್ನುವ ಹೆಂಡತಿ ಅಗೌರವ ತೋರಿಸುತ್ತಿಲ್ಲ. ಅವನ ಆತ್ಮದ ಬಗ್ಗೆ ಅಷ್ಟು ಕಾಳಜಿ ಬೇರೆ ಯಾರಿಗೂ ಇರಲಾರದು.

ತಪ್ಪು ಕಲ್ಪನೆ: ಹವ್ವಳನ್ನು ಉಂಟುಮಾಡಿದ್ದು ಕೈಯಾಳಾಗಿರಲು

ವಾಸ್ತವ: ಆದಿಕಾಂಡದಲ್ಲಿ ಸ್ತ್ರೀಗೆ ಬಳಸಿದ ಹೀಬ್ರೂ ಪದ 'ಎಝೆರ್', ನೆರವಾಗುವವಳು ಎಂದು ಅರ್ಥ. ಹಳೆಯ ಒಡಂಬಡಿಕೆಯಲ್ಲಿ ಈ ಪದ 21 ಸಲ ಬರುತ್ತದೆ, ಹೆಚ್ಚಿನ ಕಡೆ ನೆರವಾಗುವವನು ದೇವರೇ. ಕೀರ್ತನೆಗಾರ ಬೆಟ್ಟಗಳ ಕಡೆ ಕಣ್ಣೆತ್ತಿ ನನ್ನ ಸಹಾಯ ಎಲ್ಲಿಂದ ಎಂದು ಕೇಳುವಾಗಲೂ ಇದೇ ಪದ. ದೇವರನ್ನು ನಾವು ಕೈಯಾಳು ಎನ್ನುತ್ತೇವೆಯೇ? ಜೊತೆಗೆ ಬರುವ 'ಕೆನೆಗ್ದೊ' ಎಂಬ ಪದಕ್ಕೆ ಅವನಿಗೆ ಎದುರುಬದುರಾಗಿ ನಿಲ್ಲುವ, ಸರಿಜೋಡಿಯಾದ ಎಂಬ ಅರ್ಥ. ಪುರುಷ ನಿನ್ನನ್ನು ಆಳುವನು ಎಂಬ ಮಾತು ಬರುವುದು 3ನೇ ಅಧ್ಯಾಯದಲ್ಲಿ, ಪಾಪ ಒಳಗೆ ಬಂದ ಮೇಲೆ. ಮುಳ್ಳು ಕಳೆಗಳ ಜೊತೆ, ಬೆವರಿನ ಜೊತೆ ಅದೂ ಒಂದು ಕೆಡುಕು. ಕಳೆಯನ್ನು ನಾವು ಕೀಳುತ್ತೇವೆ. ಇದನ್ನು ಮಾತ್ರ ಕಾಪಾಡಿಕೊಂಡು ಬಂದಿದ್ದೇವೆ.

ಪ್ರಿಸ್ಕಿಲ್ಲ ಮತ್ತು ಅಕ್ವಿಲರ ಹೆಸರನ್ನು ಇಲ್ಲಿ ಹೇಳದೆ ಹೋಗಲಾರೆ. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದಾಗ ಕೊರಿಂಥಕ್ಕೆ ಬಂದ ದಂಪತಿ, ಗುಡಾರ ಹೊಲಿಯುವ ಕಸುಬಿನವರು. ಪೌಲ ಅವರ ಮನೆಯಲ್ಲಿ ಉಳಿದು ಅವರ ಜೊತೆ ಅದೇ ಕೆಲಸ ಮಾಡಿದ. ಅಪೊಲ್ಲೋಸನಂಥ ವಾಗ್ಮಿಯನ್ನು ಪಕ್ಕಕ್ಕೆ ಕರೆದು ತಿದ್ದಿ ಕಲಿಸಿದ್ದು ಇಬ್ಬರೂ ಸೇರಿ. ಹೊಸ ಒಡಂಬಡಿಕೆ ಅವರನ್ನು ಆರು ಕಡೆ ಹೆಸರಿಸುತ್ತದೆ, ಒಮ್ಮೆಯೂ ಒಬ್ಬರನ್ನೇ ಅಲ್ಲ. ನಾಲ್ಕು ಕಡೆ ಹೆಂಡತಿಯ ಹೆಸರೇ ಮೊದಲು. ಆ ಕಾಲದಲ್ಲಿ ಅದು ರೂಢಿಯಾಗಿರಲಿಲ್ಲ. ಅಕ್ವಿಲನಿಗೆ ಅದರಿಂದ ಕಿರಿಕಿರಿಯಾಯಿತು ಎಂಬ ಸುಳಿವು ಎಲ್ಲಿಯೂ ಇಲ್ಲ.

ತಪ್ಪು ಕಲ್ಪನೆ: ಮದುವೆಯಾದ ಮೇಲೆ ತವರು ಬಿಡಬೇಕಾದವಳು ಹೆಣ್ಣು

ವಾಸ್ತವ: ನಮ್ಮ ಕರಾವಳಿಯ ಕಥೋಲಿಕ ಮದುವೆಗಳಲ್ಲಿ ಹಿಂದಿನ ದಿನ ರೋಸ್ ನಡೆಯುತ್ತದೆ. ತೆಂಗಿನ ಹಾಲು ಹಚ್ಚಿ ಮದುಮಕ್ಕಳನ್ನು ಹರಸಿ ಮೀಯಿಸುವ ಶಾಸ್ತ್ರ ಅದು. ಹುಡುಗಿಯ ಮನೆಯ ರೋಸಿನಲ್ಲಿ ಕಣ್ಣೀರು ಖಂಡಿತ. ಮನೆ ಬಿಟ್ಟು ಹೋಗುವವಳು ಅವಳು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು.

ಆದಿಕಾಂಡದ 2ನೇ ಅಧ್ಯಾಯ ಬಿಡಬೇಕು ಎಂದಿರುವುದು ಪುರುಷನಿಗೆ. ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವವನು ಅವನು. ಯೇಸು ಇದನ್ನೇ ಎತ್ತಿ ಹೇಳಿದರು, ಪೌಲನೂ ಎಫೆಸದ ಪತ್ರಿಕೆಯಲ್ಲಿ ಇದನ್ನೇ ಎತ್ತಿ ಹೇಳಿದ. ಅದು ಬೇರೆ ಮನೆ ಮಾಡಲೇಬೇಕು ಎಂಬ ಕಟ್ಟಳೆಯಲ್ಲ. ಹಳೆಯ ಇಸ್ರಾಯೇಲಿನಲ್ಲಿಯೂ ಮಗ ತಂದೆಯ ಮನೆಯ ಪಕ್ಕದಲ್ಲೇ ಇರುತ್ತಿದ್ದ. ಬಿಡುವುದೆಂದರೆ ಅವನ ನಿಷ್ಠೆಯ ಮೊದಲ ಜಾಗ ಬದಲಾಗಬೇಕು.

ನಮ್ಮಲ್ಲಿ ಪ್ರೀತಿ ಗೌರವಗಳು ಸೋರಿಹೋಗುವ ದೊಡ್ಡ ಬಿರುಕು ಇದೇ ಎನ್ನುವುದು ನನ್ನ ಅನುಭವ. ಗಂಡ ಕೆಟ್ಟವನಲ್ಲ, ಕುಡಿಯುವುದಿಲ್ಲ, ಪ್ರತಿ ಭಾನುವಾರ ಪೂಜೆಗೆ ಹೋಗುತ್ತಾನೆ. ಆದರೆ ಹೆಂಡತಿ ಹೇಳಿದ ಗುಟ್ಟು ಸಂಜೆಯೊಳಗೆ ಅವನ ತಾಯಿಗೆ ಮುಟ್ಟಿರುತ್ತದೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕು ಎಂಬುದನ್ನು ಅವನ ಅಕ್ಕ ದುಬೈಯಿಂದ ಫೋನಿನಲ್ಲಿ ತೀರ್ಮಾನಿಸುತ್ತಾಳೆ. ಅತ್ತೆಯ ಚುಚ್ಚುಮಾತಿಗೆ ಸೊಸೆ ಕಣ್ಣೊರೆಸಿಕೊಳ್ಳುವಾಗ ಅವನು ಟಿವಿಯ ವಾಲ್ಯೂಮ್ ಹೆಚ್ಚಿಸುತ್ತಾನೆ. ಆ ಕ್ಷಣದಲ್ಲಿ ಎದ್ದು ಬಂದು, "ಅಮ್ಮಾ, ಹಾಗೆ ಹೇಳಬೇಡಿ" ಎಂದು ಮೆಲ್ಲಗೆ ಹೇಳುವ ಒಂದು ಮಾತು ಹತ್ತು ವಾರ್ಷಿಕೋತ್ಸವದ ಕೇಕಿಗಿಂತ ಹೆಚ್ಚಿನದು. ನಮ್ಮವರು ಅದನ್ನು ಹೇಳಲು ಕಲಿತದ್ದು ಮದುವೆಯಾಗಿ ನಾಲ್ಕು ವರ್ಷದ ಮೇಲೆ. ಹೇಳಿದ ದಿನ ನನಗೆ ಇಂದಿಗೂ ನೆನಪಿದೆ.

ತಂದೆತಾಯಿಯನ್ನು ಸನ್ಮಾನಿಸು ಎಂಬ ಆಜ್ಞೆ ಇದರಿಂದ ಬಿದ್ದುಹೋಗುವುದಿಲ್ಲ. ದೇವರಿಗೆ ಹರಕೆ ಮಾಡಿದ್ದೇನೆ ಎಂಬ ನೆವದಲ್ಲಿ ಮುದಿ ತಂದೆತಾಯಿಗೆ ಕೊಡಬೇಕಾದದ್ದನ್ನು ಕೊಡದವರನ್ನು ಯೇಸು ಕಟುವಾಗಿ ಖಂಡಿಸಿದರು. ಎರಡು ಕಡೆಯ ತಂದೆತಾಯಿಗೂ ಈ ಆಜ್ಞೆ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಹೆಂಡತಿಯ ತಾಯಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕಾವಲು ಕೂರುವ ಅಳಿಯ ಪ್ರೀತಿ, ಗೌರವ ಎರಡನ್ನೂ ಒಟ್ಟಿಗೆ ತೋರಿಸುತ್ತಾನೆ.

ತಪ್ಪು ಕಲ್ಪನೆ: ಹೆಂಡತಿಯ ದೇಹದ ಮೇಲೆ ಗಂಡನಿಗೆ ಹಕ್ಕಿದೆ

ವಾಸ್ತವ: ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯದ ಅರ್ಧ ವಚನವನ್ನು ಹಿಡಿದು ಹೀಗೆ ಹೇಳುತ್ತಾರೆ. ಉಳಿದರ್ಧ, ಗಂಡನಿಗೂ ತನ್ನ ದೇಹದ ಮೇಲೆ ಅಧಿಕಾರವಿಲ್ಲ, ಅದು ಹೆಂಡತಿಗಿದೆ ಎನ್ನುತ್ತದೆ. ಒಂದನೇ ಶತಮಾನದಲ್ಲಿ ಬರೆದ ಮಾತು ಇದು. ಅದರ ಮುಂದಿನ ವಚನ ಒಬ್ಬರಿಗೊಬ್ಬರು ಒಪ್ಪಿಗೆಯಿಂದ ಎಂಬ ಮಾತನ್ನು ಸೇರಿಸುತ್ತದೆ. ಒಪ್ಪಿಗೆ ಇಲ್ಲದ ಕಡೆ ಬೈಬಲಿನ ಹೆಸರೆತ್ತಬಾರದು. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದ 'ಅಮೋರಿಸ್ ಲೆತಿತ್ಸಿಯಾ' ಎಂಬ ಪ್ರಬೋಧನೆಯಲ್ಲಿ, ದಾಂಪತ್ಯದ ಒಳಗೆ ಲೈಂಗಿಕ ಬಲವಂತವನ್ನು ಯಾವ ರೂಪದಲ್ಲೂ ಒಪ್ಪಬಾರದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಎಫೆಸದ ಪತ್ರಿಕೆಯ ಅಧೀನತೆಯ ಮಾತನ್ನು ಈ ಬಗೆಯಲ್ಲಿ ಬಳಸುವುದನ್ನೂ ಅಲ್ಲಿ ತಳ್ಳಿಹಾಕಿದ್ದಾರೆ.

ತಪ್ಪು ಕಲ್ಪನೆ: ಹೊಡೆದರೂ ಬಡಿದರೂ ಶಿಲುಬೆ ಎಂದು ಹೊತ್ತುಕೊಳ್ಳಬೇಕು

ವಾಸ್ತವ: ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಒಬ್ಬಳು ಶಿಬಿರ ಮುಗಿದ ಮೇಲೆ ಬಂದಳು. ಅವಳು ಮದುವೆಯಾಗಲಿರುವ ಹುಡುಗಿಯಲ್ಲ, ತಂಗಿಯ ಜೊತೆಗೆ ಬಂದಿದ್ದ ಅಕ್ಕ. ಸೆರಗಿನಿಂದ ಮೊಣಕೈ ಮುಚ್ಚಿಕೊಂಡಿದ್ದಳು. "ಅಕ್ಕ, ಹೇಳಿದರೆ ಎಲ್ಲರೂ ಪ್ರಾರ್ಥನೆ ಮಾಡು ಅಂತಾರೆ. ನಾನು ಮಾಡ್ತಾನೇ ಇದ್ದೇನೆ. ಏಳು ವರ್ಷ ಆಯ್ತು" ಎಂದಳು. ಪ್ರಾರ್ಥಿಸು ಎಂದವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅವರು ಅವಳನ್ನು ಪ್ರತಿ ರಾತ್ರಿ ಅದೇ ಕೈಗಳಿಗೆ ವಾಪಸು ಕಳಿಸುತ್ತಿದ್ದರು.

ಕ್ರಿಸ್ತನ ಶಿಲುಬೆ ಎಂದರೆ ಇನ್ನೊಬ್ಬರ ರಕ್ಷಣೆಗಾಗಿ ತಾನೇ ಮನಸ್ಸು ಮಾಡಿ ಹೊತ್ತ ನೋವು. ಗಂಡನ ಮುಷ್ಟಿಯಿಂದ ಬರುವ ನೋವಿನಿಂದ ಯಾರ ರಕ್ಷಣೆಯೂ ಆಗುವುದಿಲ್ಲ. ಅವನ ಪಾಪ ಬೆಳೆಯುತ್ತದೆ, ಬಾಗಿಲ ಸಂದಿಯಲ್ಲಿ ನಿಂತು ನೋಡುವ ಮಕ್ಕಳ ಮನಸ್ಸು ಬಿರಿಯುತ್ತದೆ. ಎಫೆಸದ ಪತ್ರಿಕೆಯಲ್ಲಿ ಶಿಲುಬೆಯನ್ನು ಹೊರುವ ಮಾದರಿಯನ್ನು ಇಟ್ಟಿರುವುದು ಗಂಡನ ಮುಂದೆ. ಅದನ್ನು ತಿರುಗಿಸಿ ಹೆಂಡತಿಯ ಬೆನ್ನಿಗೆ ಕಟ್ಟುವುದು ದೇವರ ವಾಕ್ಯಕ್ಕೆ ಮಾಡುವ ಅಪಚಾರ.

ಕಥೋಲಿಕ ಸಭೆಯ ಕಾನೂನು ಸಂಹಿತೆಯ 1153ನೇ ನಿಯಮ ಅನೇಕರಿಗೆ ಗೊತ್ತಿಲ್ಲ. ಗಂಡ ಅಥವಾ ಹೆಂಡತಿ ಇನ್ನೊಬ್ಬರಿಗೋ ಮಕ್ಕಳಿಗೋ ದೇಹಕ್ಕಾಗಲಿ ಮನಸ್ಸಿಗಾಗಲಿ ಗಂಭೀರ ಅಪಾಯ ತಂದರೆ, ನೊಂದವರು ಬಿಟ್ಟು ಬೇರೆ ಇರಲು ಅದು ನ್ಯಾಯವಾದ ಕಾರಣ ಎನ್ನುತ್ತದೆ ಆ ನಿಯಮ. ಇದಕ್ಕೆ ಬಿಷಪರ ಕಡೆಯಿಂದ ತೀರ್ಮಾನ ಪಡೆಯಬೇಕು. ತಡ ಮಾಡಿದರೆ ಅಪಾಯ ಎಂದಿದ್ದರೆ ತಾನಾಗಿಯೇ ಹೊರಡಬಹುದು. ಅಮೋರಿಸ್ ಲೆತಿತ್ಸಿಯಾ ಇನ್ನೂ ಮುಂದೆ ಹೋಗಿ, ಕೆಲವು ಸಂದರ್ಭಗಳಲ್ಲಿ ಬೇರ್ಪಡುವುದು ನೈತಿಕವಾಗಿ ಅಗತ್ಯವೂ ಆಗಬಹುದು ಎನ್ನುತ್ತದೆ. ಬೇರೆ ಇರುವುದರಿಂದ ವಿವಾಹದ ಬಂಧ ಕಡಿದುಹೋಗುವುದಿಲ್ಲ ಎಂಬುದು ಕಥೋಲಿಕ ಬೋಧನೆ. ಹಾಗಾಗಿ ಮನೆ ಬಿಟ್ಟು ಬಂದವಳು ಪಾಪ ಮಾಡಿದಳು, ಅವಳಿಗೆ ಪರಮಪ್ರಸಾದ ಕೊಡಬಾರದು ಎಂದು ಪಿಸುಗುಟ್ಟುವವರು ತಮ್ಮ ಸಭೆಯ ಬೋಧನೆಯನ್ನೇ ತಿಳಿದವರಲ್ಲ.

ದೇಶದ ಕಾನೂನಿನ ಬಗ್ಗೆಯೂ ಎರಡು ಮಾತು. ನಮಗೆ ಅನ್ವಯಿಸುವ ವಿಚ್ಛೇದನ ಕಾಯಿದೆ 1869ರದ್ದು. 2001ರ ತಿದ್ದುಪಡಿಯವರೆಗೆ ವಿಚ್ಛೇದನಕ್ಕೆ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿಯಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಕೂಡ ತೋರಿಸಬೇಕಿತ್ತು. 130 ವರ್ಷಕ್ಕೂ ಹೆಚ್ಚು ಕಾಲ ಕ್ರೈಸ್ತ ಹೆಣ್ಣಿಗೆ, ಬರೀ ಹೊಡೆತ ಸಾಕಾದ ಕಾರಣವಲ್ಲ ಎಂದು ನ್ಯಾಯಾಲಯವೇ ಹೇಳಬೇಕಾಗಿತ್ತು. ಸಹಿಸಿಕೋ ಎಂಬ ಉಪದೇಶ ನಮ್ಮಲ್ಲಿ ಇಷ್ಟು ಆಳಕ್ಕೆ ಇಳಿದದ್ದರಲ್ಲಿ ಆ ಕಾನೂನಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಈಗ ಕ್ರೌರ್ಯ ತಾನೇ ಸಾಕಾದ ಕಾರಣ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಹೊಡೆತ, ಲೈಂಗಿಕ ಹಿಂಸೆ, ಬೈಗುಳ, ಹಣ ಕೊಡದೆ ಸತಾಯಿಸುವುದು ಎಲ್ಲವೂ ಅದರಡಿ ದೌರ್ಜನ್ಯ. ವಿಚ್ಛೇದನ ಕೇಳದೆಯೇ ರಕ್ಷಣೆಯ ಆದೇಶ ಪಡೆಯಬಹುದು, ವಾಸವಿರುವ ಮನೆಯಿಂದ ಹೊರದಬ್ಬಿಸಿಕೊಳ್ಳದೆ ಉಳಿಯಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ಸಂಖ್ಯೆ ಚರ್ಚಿನ ಸೂಚನಾ ಫಲಕದಲ್ಲಿ, ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲೇ ಇರಬೇಕು.

ಕ್ಷಮಿಸಬೇಡವೇ ಎಂದು ಕೇಳುತ್ತಾರೆ. ಕ್ಷಮಿಸಬೇಕು. ಕ್ಷಮಿಸುವುದಕ್ಕೂ ಅದೇ ಕೋಣೆಗೆ ಹಿಂತಿರುಗುವುದಕ್ಕೂ ವ್ಯತ್ಯಾಸವಿದೆ. ಸುವಾರ್ತೆಯ ಸುಂಕದವ ಜಕ್ಕಾಯನು ಪಶ್ಚಾತ್ತಾಪಪಟ್ಟಾಗ ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆಂದ. ಹೊಡೆದ ಗಂಡನ ಪಶ್ಚಾತ್ತಾಪಕ್ಕೂ ಅಂಥ ಗುರುತು ಕಾಣಬೇಕು: ಕುಡಿತ ಬಿಡಲು ಚಿಕಿತ್ಸೆಗೆ ಸೇರಿದ್ದು, ಆಪ್ತಸಲಹೆಗೆ ತಪ್ಪದೆ ಹೋದದ್ದು, ತಿಂಗಳುಗಟ್ಟಲೆ ಕೈ ಎತ್ತದೆ ಇದ್ದದ್ದು. ಹೂವಿನ ಗುಚ್ಛ ಗುರುತಲ್ಲ.

ತಪ್ಪು ಕಲ್ಪನೆ: ಪ್ರೀತಿ ಮನಸ್ಸಿನಲ್ಲಿದ್ದರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ

ವಾಸ್ತವ: ನಮ್ಮ ಹಿರಿಯರು ಹೀಗೆಯೇ ಬದುಕಿದರು, ಅವರ ಪ್ರೀತಿಯನ್ನು ನಾನು ಸಣ್ಣದು ಮಾಡುವುದಿಲ್ಲ. ನನ್ನ ತಂದೆ ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ, ತಾಯಿಗೆ ಜ್ವರ ಬಂದರೆ ಬಾವಿಯಿಂದ ನೀರು ಸೇದಿ ಗಂಜಿ ಬೇಯಿಸುತ್ತಿದ್ದರು. ಆದರೆ ತಂದೆ ತೀರಿಕೊಂಡ ಮೇಲೆ ತಾಯಿ ಒಂದು ದಿನ, "ನನ್ನ ಅಡುಗೆ ಅವರಿಗೆ ಇಷ್ಟ ಇತ್ತೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ" ಎಂದರು. 41 ವರ್ಷದ ಸಂಸಾರ ಅದು.

ಪರಮಗೀತೆಯಲ್ಲಿ ಗಂಡೂ ಹೆಣ್ಣೂ ಇಬ್ಬರೂ ಬಾಯಿತುಂಬ ಹೊಗಳುತ್ತಾರೆ, ಮೊದಲು ಮಾತು ಎತ್ತುವವಳು ಹೆಣ್ಣು. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿ ಹೊಲ ನೋಡಿ ಕೊಳ್ಳುತ್ತಾಳೆ, ನಾರುಮಡಿ ನೇಯ್ದು ವ್ಯಾಪಾರಿಗಳಿಗೆ ಮಾರುತ್ತಾಳೆ. ಅವಳ ಗಂಡ ಅದನ್ನೆಲ್ಲ ಕಂಡು ಸುಮ್ಮನಿರುವುದಿಲ್ಲ, ಕೊಂಡಾಡುತ್ತಾನೆ. ದಯವಿಟ್ಟು, ಥ್ಯಾಂಕ್ಸ್, ಸಾರಿ ಎಂಬ ಮೂರು ಮಾತು ಪ್ರತಿ ಮನೆಯಲ್ಲೂ ಬೇಕು ಎಂದು ಪೋಪ್ ಫ್ರಾನ್ಸಿಸ್ ಪದೇ ಪದೇ ಹೇಳುತ್ತಿದ್ದರು. ಸಣ್ಣ ಮಾತುಗಳು, ಹೌದು. ಸಾರಿ ಎಂಬುದು ಗಂಡಸರ ಬಾಯಿಂದ ಎಷ್ಟು ಕಷ್ಟದಿಂದ ಹೊರಡುತ್ತದೆ ಎಂದು ಶಿಬಿರದಲ್ಲಿ ಅಭ್ಯಾಸ ಮಾಡಿಸುವಾಗ ಕಾಣುತ್ತದೆ.

ತಪ್ಪು ಕಲ್ಪನೆ: ಭಕ್ತಿಯಿರುವ ಮನೆಯಲ್ಲಿ ಜಗಳವೇ ಇರುವುದಿಲ್ಲ

ವಾಸ್ತವ: ಇರುತ್ತದೆ. ಹೊತ್ತು ಮುಳುಗುವ ಮೊದಲು ಸಿಟ್ಟು ತೀರಿಸಿಕೊಳ್ಳಿ ಎಂದು ಅದೇ ಎಫೆಸದ ಪತ್ರಿಕೆಯ 4ನೇ ಅಧ್ಯಾಯ ಹೇಳುವಾಗ, ಹಗಲು ಸಿಟ್ಟು ಬಂದಿರುತ್ತದೆ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತದೆ.

ಇನ್ನು ಒಂದು ಕೋರಿಕೆ ಉಳಿದಿದೆ. ಕಥೋಲಿಕ ಮದುವೆಯ ಪೂಜೆಗೆ ಎಫೆಸದ ಪತ್ರಿಕೆಯ ವಾಚನವನ್ನು ಎರಡು ಬಗೆಯಲ್ಲಿ ಕೊಟ್ಟಿದ್ದಾರೆ. ಉದ್ದನೆಯದರಲ್ಲಿ 21ನೇ ವಚನವಿದೆ. ಚಿಕ್ಕದು ನೇರವಾಗಿ 25ಕ್ಕೆ ಹೋಗುತ್ತದೆ, ಅದರಲ್ಲಿ ಹೆಂಡತಿಯ ಅಧೀನತೆಯ ಮಾತೂ ಇಲ್ಲ, ಒಬ್ಬರಿಗೊಬ್ಬರು ಎಂಬ ಮಾತೂ ಇಲ್ಲ. ಮುಜುಗರವೆಂದು ಹಲವರು ಚಿಕ್ಕದನ್ನು ಆರಿಸುತ್ತಾರೆ, ಊಟದ ಹೊತ್ತಿಗೆ ಹಿರಿಯರು ಬಿಟ್ಟುಹೋದ 22ನ್ನು ಮಾತ್ರ ನೆನಪಿನಿಂದ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ ಫಾದರ್ ಅವರನ್ನೋ ಪಾಸ್ಟರನ್ನೋ ಮುಂಚಿತವಾಗಿ ಕಂಡು, 21ನೇ ವಚನದಿಂದಲೇ ಶುರುಮಾಡಿ ಎಂದು ಕೇಳಿ. ಓದುವವರು ಮನೆಯವರೇ ಆಗಿದ್ದರೆ ಆ ವಚನವನ್ನು ನಿಧಾನವಾಗಿ, ಕೊನೆಯ ಬೆಂಚಿಗೂ ಕೇಳುವಂತೆ ಓದಲು ಹೇಳಿ.